ಶೋರೂಂ ಕಂಡೀಷನ್, ಅರ್ಜೆಂಟ್ ಸೇಲ್

ಮೆಕ್ಕೆಜೋಳದ ದುಡ್ಡು ಕೈಗೆ ಬರುವ ಹೊತ್ತಿಗೆ ಲೋಕಿಕೆರೆಯ ಹುಡುಗನ ಮೊಬೈಲಿನಲ್ಲಿ ಕೆಂಪು ಕಾರೊಂದು ಮಿಂಚುತ್ತದೆ. ‘ಸಿಂಗಲ್ ಓನರ್, ಸ್ಪೋರ್ಟ್ಸ್ ಲುಕ್, ಶೋರೂಂ ಕಂಡೀಷನ್, ಅರ್ಜೆಂಟ್ ಸೇಲ್.’ ಬಿಡಿಬಿಡಿಯಾಗಿ ನೋಡಿದರೆ ಒಂದು ಮಾತೂ ಸುಳ್ಳಲ್ಲದಿರಬಹುದು. ಕೂಡಿಸಿ ಓದಿದವನು ಮಾತ್ರ ಮೋಸ ಹೋಗುತ್ತಾನೆ.

*

‘ಅರ್ಜೆಂಟ್’ ಎಂದು ಬರೆದವನು ಮೊದಲು ನಮ್ಮ ಪುರುಸೊತ್ತು ಕಸಿಯುತ್ತಾನೆ. ದುಡ್ಡು ಆಮೇಲೆ.

*

ಆರ್‌ಸಿಯಲ್ಲಿ ಒಂದೇ ಹೆಸರಿದ್ದರೂ, ಮಾಲೀಕತ್ವ ವರ್ಗಾವಣೆಗೆಂದು ಸಹಿ ಹಾಕಿದ ಖಾಲಿ 29 ಮತ್ತು 30ನೇ ಫಾರಂಗಳ ಜೊತೆ ಗಾಡಿ ಹಲವು ಕೈ ದಾಟಿರಬಹುದು. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮಾರಿ ಮರೆತವರ ಮನೆಗೂ ನೋಟಿಸು ಬರುತ್ತದೆ. ಅವರ ಸಹಿಯೂ ಆ ಜಾಹೀರಾತಿನ ಒಂದು ಭಾಗ.

*

ಎತ್ತು ಕೊಳ್ಳಲು ಹೋದ ನಮ್ಮ ಹಿರಿಯರು ಮಾರುವವನ ಮಾತಿಗೆ ಹೂಂಗುಟ್ಟುತ್ತಲೇ ಎತ್ತಿನ ತುಟಿ ಸರಿಸಿ ಹಲ್ಲು ನೋಡುತ್ತಿದ್ದರು. ಕಾರಿಗೂ ಹಲ್ಲಿದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಮೀಟರು 30 ಸಾವಿರ ಕಿ.ಮೀ. ತೋರಿಸುತ್ತಿದ್ದು, ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ರಬ್ಬರನ್ನು ನಂಬಿ. ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡಿ; ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಕಂಡರೆ ಆ ಗಾಡಿ ನೆರೆಯಲ್ಲಿ ನಿಂತಿರಬಹುದು. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ. ಯಾಕೆ ಅಂತ ಕೇಳಿ.

*

ಹೊಳಪು ಬಣ್ಣದ್ದು, ವಯಸ್ಸು ಕಬ್ಬಿಣದ್ದು.

*

ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ. ಅದರ ಸದ್ದು ಕೇಳಿ ಬೆಳೆದವರಿಗೆ ಇವತ್ತಿಗೂ ಅದರ ಮೇಲೆ ಪ್ರಾಣ. ಆ ಪ್ರೀತಿಯನ್ನೇ ಬಂಡವಾಳ ಮಾಡಿಕೊಂಡು ಬೇರೆ ಎಂಜಿನ್ ಕೂರಿಸಿ, ಹೊಸ ಟ್ಯಾಂಕು, ಹೊಸ ಸ್ಟಿಕ್ಕರು ಹಾಕಿ ‘ಒರಿಜಿನಲ್’ ಎನ್ನುವವರಿದ್ದಾರೆ. ಎಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಬಟ್ಟೆಯಲ್ಲಿ ಒರೆಸಿ ಆರ್‌ಸಿ ಜೊತೆ ತಾಳೆ ನೋಡದೆ ಮುಂಗಡ ಕೊಡಬಾರದು. ದುಡ್ಡಿನ ಮೋಸವನ್ನಾದರೂ ಮರೆಯಬಹುದು. ಎಳೆತನದ ಆಸೆಗೆ ಮಾಡಿದ ಮೋಸ ಬಹಳ ದಿನ ಚುಚ್ಚುತ್ತದೆ.

*

‘ಸ್ಪೋರ್ಟ್ಸ್ ಲುಕ್’ ಎಂದರೆ ಎಷ್ಟೋ ಸಲ ಅಗಲ ಚಕ್ರ, ಅಬ್ಬರದ ಸೈಲೆನ್ಸರು, ಹಿಂದೊಂದು ರೆಕ್ಕೆ. ಒಳಗೆ ಅದೇ ಹಳೆಯ ಎಂಜಿನ್. ಕಂಪನಿಯ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ದಂಡದ ಚೀಟಿ ಬರುವುದು ಕೊಂಡವನ ಹೆಸರಿಗೆ.

*

ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿನ ದೊಡ್ಡ ಕಾರು ಇಲ್ಲಿ ಅಗ್ಗವಾಗಿ ಕಂಡರೆ ಬೆಲೆಯ ಅರ್ಧ ಮಾತ್ರ ಕಂಡಂತೆ. ಎನ್‌ಒಸಿ, ಕರ್ನಾಟಕದ ಆಜೀವ ತೆರಿಗೆ, 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಳ್ಳುವುದಾದರೆ ನಮ್ಮ ಜಿಲ್ಲೆಯ ಕೆಎ 17ರ ಹೊಸ ನಂಬರು: ಇವು ಜಾಹೀರಾತಿನಲ್ಲಿ ಇರುವುದಿಲ್ಲ. ಫೆರಾರಿ, ಪೋರ್ಷೆ ಇಟ್ಟುಕೊಂಡವರಿಗೂ ಈ ತೆರಿಗೆ ತಪ್ಪಿದ್ದಲ್ಲ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ತೆರಿಗೆ ಕಟ್ಟದ ಸುಮಾರು 30 ಐಷಾರಾಮಿ ಕಾರುಗಳನ್ನು ವಶಕ್ಕೆ ಪಡೆಯಿತು.

*

ಸೈನಿಕನ ವೇಷ ಹಾಕಿದ ಜಾಹೀರಾತು ಎಲ್ಲಕ್ಕಿಂತ ನೀಚ. ‘ವರ್ಗವಾಗಿದೆ, ಗಾಡಿ ಕ್ಯಾಂಪಿನಲ್ಲಿದೆ, ಸಾಗಣೆ ಖರ್ಚು ಕಳಿಸಿ.’ ಜೊತೆಗೆ ಸಮವಸ್ತ್ರದ ಫೋಟೊ, ಗುರುತಿನ ಚೀಟಿ. ಊರು ಯೋಧನಿಗೆ ಕೊಡುವ ಗೌರವವನ್ನೇ ಕದ್ದು ಮಾರುವ ವ್ಯವಹಾರವಿದು. ದುಡ್ಡು ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ, ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತದೆ.

*

1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಒಂದು ಕುದುರೆ ಇದೆ. ಕುದುರೆಗೆ ಐಬಿದೆ ಎಂದು ಗೊತ್ತಿದ್ದೂ ಮಾಲೀಕ ಸುಮ್ಮನೆ ಹರಾಜಿನಲ್ಲಿ ಮಾರಿದರೆ, ಆ ಮೌನವೊಂದೇ ವಂಚನೆಯಾಗದು. ಆದರೆ ಕೊಳ್ಳುವವನು ‘ನೀನು ಅಲ್ಲ ಎನ್ನದಿದ್ದರೆ ಕುದುರೆ ಸರಿಯಾಗಿದೆ ಅಂತಲೇ ತಿಳಿಯುತ್ತೇನೆ’ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಆತ ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ನೂರೈವತ್ತು ವರ್ಷದ ಹಿಂದಿನ ಈ ಕುದುರೆ ಇವತ್ತಿನ ಕಾರಿಗೂ ಸಲ್ಲುತ್ತದೆ. ಅದಕ್ಕೇ ನಾಲ್ಕು ಜನರ ಎದುರು ಕೇಳಬೇಕು, ವಾಟ್ಸಾಪಿನಲ್ಲೂ ಬರೆದು ಕೇಳಬೇಕು: ‘ಎಲ್ಲಾದ್ರೂ ಗುದ್ದೈತೇನಣ್ಣಾ? ನೀರಾಗೆ ನಿಂತಿತ್ತಾ? ಸಾಲ ಐತಾ?’

*

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಮುಖ್ಯ ವಿಷಯವನ್ನು ಬೇಕೆಂದೇ ಮುಚ್ಚಿಟ್ಟ ಜಾಹೀರಾತೂ ದಾರಿ ತಪ್ಪಿಸುವ ಜಾಹೀರಾತೇ. ಕಾರು ಮಾರುವುದನ್ನೇ ಕಸುಬು ಮಾಡಿಕೊಂಡವರು ಇದನ್ನು ಅಂಗಡಿಯ ಗೋಡೆಗೆ ಅಂಟಿಸಿಕೊಳ್ಳಲಿ.

*

‘ಎಡಬಾಗಿಲು ಬದಲಾಗಿದೆ. ಕ್ಲಚ್ ಈ ವರ್ಷ ಹಾಕಿಸಬೇಕು. ನಾನು ಮೂರನೇ ಓನರ್. ಸಾಲ ತೀರಿದೆ, ಬ್ಯಾಂಕಿನ ಎನ್‌ಒಸಿ ಕೈಯಲ್ಲಿದೆ. ನಿಮ್ಮ ಮೆಕ್ಯಾನಿಕ್ಕನ್ನೇ ಕರೆತನ್ನಿ.’ ಇಂಥದೊಂದು ಜಾಹೀರಾತು ಕಂಡರೆ, ಉಳಿದ ಹೊಳೆಯುವ ಕಾರುಗಳನ್ನೆಲ್ಲ ಬಿಟ್ಟು ನಾನು ಮೊದಲು ಫೋನ್ ಮಾಡುವುದು ಅವರಿಗೇ.