ಹೊರಗೆ ನಿಂತ ಹಿರಿಯ ಮಗನು

ಲೂಕನು ಬರೆದ ಸುವಾರ್ತೆಯ 15ನೆಯ ಅಧ್ಯಾಯದಲ್ಲಿರುವ ತಪ್ಪಿಹೋದ ಮಗನ ಸಾಮ್ಯವನ್ನು ಕೇಳದ ಮನೆಯು ನಮ್ಮ ಸಭೆಗಳಲ್ಲಿ ಇರಲಿಕ್ಕಿಲ್ಲ. ಉಪದೇಶಿಗಳು ಅದನ್ನು ಸಾರುವಾಗ, ದೂರದೇಶದಲ್ಲಿ ಹಂದಿಗಳನ್ನು ಮೇಯಿಸಿದ ಕಿರಿಯ ಮಗನಿಗಾಗಿ ನಮ್ಮ ಕಣ್ಣುಗಳು ಒದ್ದೆಯಾಗುತ್ತವೆ. ಓಡಿಬಂದು ಅವನನ್ನು ಅಪ್ಪಿಕೊಂಡ ತಂದೆಗಾಗಿ ನಮ್ಮ ಹೃದಯವು ಸ್ತೋತ್ರಮಾಡುತ್ತದೆ. ಆದರೆ ಸಾಮ್ಯವು ಅಲ್ಲಿಗೆ ಮುಗಿಯುವದಿಲ್ಲ. ಹೊಲದಿಂದ ಹಿಂತಿರುಗಿದ ಹಿರಿಯ ಮಗನು ವಾದ್ಯಗಳ ಧ್ವನಿಯನ್ನು ಕೇಳಿ, ನಡೆದ ಸಂಗತಿಯನ್ನು ಒಬ್ಬ ಆಳಿನಿಂದ ತಿಳಿದು, ಸಿಟ್ಟುಗೊಂಡು ಹೊರಗೇ ನಿಂತನು. ಇವನ ವಿಷಯವಾಗಿ ನಾವು ಅಳುವದೂ ಇಲ್ಲ, ಆಲೋಚಿಸುವದೂ ಇಲ್ಲ. ಆದರೆ ಕರ್ತನು ಈ ಸಾಮ್ಯವನ್ನು ಯಾರಿಗೆ ಹೇಳಿದನು? ಅಧ್ಯಾಯದ ಮೊದಲನೆಯ ವಚನಗಳನ್ನು ಓದಿ ನೋಡಿರಿ. ಆತನು ಪಾಪಿಗಳ ಸಂಗಡ ಊಟಮಾಡುತ್ತಾನೆಂದು ಗುಣುಗುಟ್ಟಿದ ಫರಿಸಾಯರಿಗೂ ಶಾಸ್ತ್ರಿಗಳಿಗೂ ಹೇಳಿದನು. ಹೀಗಿರಲಾಗಿ ಹೊರಗೆ ನಿಂತವನ ಮಾತನ್ನು ವಿಚಾರಿಸದೆ ಬಿಟ್ಟರೆ ಈ ಸಾಮ್ಯವನ್ನು ನಾವು ಅರ್ಧವೇ ಕೇಳಿದ ಹಾಗಾಯಿತು.

ಅವನನ್ನು ಬೇಗನೆ ಖಂಡಿಸುವದು ಬೇಡ. ನಮ್ಮ ಹಳ್ಳಿಯ ಸಭೆಗಳಲ್ಲಿ ನಡೆಯುವದನ್ನೇ ನೋಡೋಣ. ಒಬ್ಬನು ಕಷ್ಟಕಾಲದಲ್ಲಿ ಸಭೆಯನ್ನು ಬಿಟ್ಟುಹೋದನು. ಮಗಳ ಮದುವೆಗಾಗಿಯೋ, ಹೊಲದ ವ್ಯಾಜ್ಯಕ್ಕಾಗಿಯೋ, ಕುಡಿತದ ದೆಸೆಯಿಂದಲೋ ಹೋದನು. ಹೋಗುವಾಗ ಸಭೆಯವರನ್ನು ನಿಂದಿಸಿಯೂ ಹೋದನು. ಅನೇಕ ವರುಷಗಳ ಮೇಲೆ ಅವನು ತಲೆಬಾಗಿ ಹಿಂತಿರುಗಿದಾಗ ಪಾಲಕರು ಅವನ ಕೈಹಿಡಿದರು, ಹಿರಿಯರು ಅವನಿಗಾಗಿ ಪ್ರಾರ್ಥಿಸಿದರು, ಕೆಲವು ಕಾಲವಾದ ಬಳಿಕ ಅವನನ್ನು ಕರ್ತನ ಭೋಜನಕ್ಕೆ ಸೇರಿಸಿಕೊಂಡರು. ಆಗ ಹಿಂದಿನ ಸಾಲಿನಲ್ಲಿ ಕೂತವರ ಮುಖಗಳು ಬಾಡುತ್ತವೆ. ಬಾವಿಯ ನೀರನ್ನು ನಿಷೇಧಿಸಿದಾಗಲೂ ನೆಂಟರು ಬಾಗಲು ಮುಚ್ಚಿದಾಗಲೂ ಕದಲದೆ ನಿಂತವರು ಇವರೇ. ಬೆಳೆ ಬಂದರೂ ಬಾರದಿದ್ದರೂ ಸುಗ್ಗಿಯ ಕಾಣಿಕೆಯನ್ನು ತಂದವರೂ ಇವರೇ. ಇವರಿಗಾಗಿ ಯಾರೂ ಒಂದು ದಿನವಾದರೂ ಹಬ್ಬಮಾಡಲಿಲ್ಲ. ನೊಗಕ್ಕೆ ಕೊರಳು ಕೊಟ್ಟ ಎತ್ತಿಗೆ ಒಣಹುಲ್ಲು, ಹಗ್ಗ ಹರಿದು ಓಡಿದ ಎತ್ತಿಗೆ ಹತ್ತಿಕಾಳೋ, ಎಂದು ಅವರು ಕೇಳಿದರೆ ಆಶ್ಚರ್ಯವೇನು?

ಹಿರಿಯ ಮಗನ ದುಃಖಕ್ಕೆ ಇನ್ನೊಂದು ಕಾರಣವೂ ಉಂಟು. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ವಿಧಿಯ ಪ್ರಕಾರ ಚೊಚ್ಚಲಮಗನಿಗೆ ಎರಡು ಪಾಲು. ಇಬ್ಬರೇ ಮಕ್ಕಳಿರುವ ಮನೆಯಲ್ಲಿ ಆಸ್ತಿಯ ಮೂರು ಪಾಲುಗಳಲ್ಲಿ ಎರಡು ಹಿರಿಯನದು, ಒಂದು ಕಿರಿಯನದು. ಕಿರಿಯನು ತನ್ನದನ್ನು ಹಾಳುಮಾಡಿಬಿಟ್ಟ ಮೇಲೆ ಮನೆಯಲ್ಲಿ ಉಳಿದದ್ದೆಲ್ಲಾ ಮುಂದಕ್ಕೆ ಹಿರಿಯನಿಗೇ ಸೇರತಕ್ಕದ್ದು. ಹಾಗಾದರೆ ಕೊಯ್ದ ಕರುವೂ ತೊಡಿಸಿದ ನಿಲುವಂಗಿಯೂ ಬೆರಳಿಗಿಟ್ಟ ಉಂಗುರವೂ ಯಾರ ಪಾಲಿನಿಂದ ಬಂದವು? ಕ್ಷಮೆಯು ಪುಕ್ಕಟೆಯಾದದ್ದಲ್ಲ. ಹಿಂತಿರುಗಿದವನನ್ನು ಸೇರಿಸಿಕೊಳ್ಳುವಾಗ ಅದರ ವೆಚ್ಚದಲ್ಲಿ ಒಂದಂಶವು ಮನೆಯಲ್ಲಿ ಉಳಿದವನ ಮೇಲೆ ಬೀಳುತ್ತದೆ. ಇದನ್ನು ಮರೆಮಾಡಿ ಬೋಧಿಸುವದು ಸತ್ಯವಲ್ಲ.

ಈ ಪ್ರಶ್ನೆಯು ಹೊಸದಲ್ಲ. ರೋಮದ ಕೈಸರನಾದ ದೇಕಿಯನ ಕಾಲದಲ್ಲಿ, ಅಂದರೆ ಕ್ರಿ. ಶ. 250ರಲ್ಲಿ, ಎಲ್ಲರೂ ದೇವತೆಗಳಿಗೆ ಬಲಿಯನ್ನರ್ಪಿಸಿ ಅಧಿಕಾರಿಗಳಿಂದ ಪತ್ರವನ್ನು ಪಡೆಯಬೇಕೆಂದು ಅಪ್ಪಣೆಯಾಯಿತು. ಅಂಥ ಪತ್ರಗಳಲ್ಲಿ 40ಕ್ಕಿಂತ ಹೆಚ್ಚು ಐಗುಪ್ತ ದೇಶದಲ್ಲಿ ದೊರಕಿರುತ್ತವೆ. ಕೆಲವರು ಪ್ರಾಣವನ್ನು ಕೊಟ್ಟರು. ಕೆಲವರು ಸೆರೆಮನೆಯ ಬಾಧೆಯನ್ನು ಸಹಿಸಿದರು. ಬಹುಜನರು ಭಯದಿಂದ ಬಲಿಯನ್ನರ್ಪಿಸಿದರು. ಇನ್ನು ಕೆಲವರು ಬಲಿಕೊಡದೆ ಹಣಕೊಟ್ಟು ಪತ್ರವನ್ನು ಕೊಂಡುಕೊಂಡರು. ಹಿಂಸೆಯು ಶಾಂತವಾದ ಮೇಲೆ ಬಿದ್ದುಹೋದವರು ಅಳುತ್ತಾ ಸಭೆಯ ಬಾಗಲಿಗೆ ಬಂದರು. ಒಳಗಿದ್ದವರಲ್ಲಿ ಗಂಡನನ್ನು ಕಳಕೊಂಡ ವಿಧವೆಯರಿದ್ದರು, ಮೈಮೇಲೆ ಗಾಯದ ಗುರುತುಳ್ಳವರಿದ್ದರು. ಏನು ಮಾಡಬೇಕು?

ರೋಮಾಪುರದ ನೊವಾತಿಯಾನನೆಂಬ ಪಂಡಿತನು, ಇಂಥವರು ಪಶ್ಚಾತ್ತಾಪಪಡಲಿ, ದೇವರು ಅವರಿಗೆ ಏನು ಮಾಡುವನೋ ಮಾಡಲಿ, ಸಭೆಯಾದರೋ ಅವರನ್ನು ತಿರಿಗಿ ಸೇರಿಸಿಕೊಳ್ಳಕೂಡದೆಂದು ಹೇಳಿ 251ರಲ್ಲಿ ಬೇರೆ ಪಂಗಡವನ್ನು ಕಟ್ಟಿದನು. ಅವನ ಕಡೆಯವರು ತಮ್ಮನ್ನು ಶುದ್ಧರೆಂದು ಕರೆದುಕೊಂಡರು. ಕಾರ್ಥೇಜ್ ಪಟ್ಟಣದ ಸಭಾಧ್ಯಕ್ಷನಾದ ಸಿಪ್ರಿಯಾನನು ಮತ್ತೊಂದು ಮಾರ್ಗವನ್ನು ಹಿಡಿದನು. ಬಂದವರನ್ನೆಲ್ಲಾ ವಿಚಾರಣೆಯಿಲ್ಲದೆ ಆ ದಿನವೇ ಸೇರಿಸಬೇಕೆಂಬ ಮಾತಿಗೂ ಅವನು ಒಪ್ಪಲಿಲ್ಲ, ಬಾಗಲನ್ನು ಎಂದೆಂದಿಗೂ ಮುಚ್ಚಬೇಕೆಂಬ ಮಾತಿಗೂ ಒಪ್ಪಲಿಲ್ಲ. ಒಬ್ಬೊಬ್ಬನ ಸಂಗತಿಯನ್ನು ಬೇರೆಬೇರೆಯಾಗಿ ವಿಚಾರಿಸಿ, ಪಶ್ಚಾತ್ತಾಪಕ್ಕೆ ಕಾಲವನ್ನು ಗೊತ್ತುಮಾಡಿ, ಬಳಿಕ ಸೇರಿಸಬೇಕೆಂಬದು ಅವನ ತೀರ್ಮಾನ. ಸಡಿಲತನದಿಂದ ಹೀಗೆ ಹೇಳಿದನೆನ್ನಲಾಗದು. 258ರಲ್ಲಿ ಅವನು ಕ್ರಿಸ್ತನಿಗಾಗಿ ಕತ್ತಿಗೆ ತಲೆಯೊಡ್ಡಿದನು.

325ರಲ್ಲಿ ನಿಕೇಯದ ಮಹಾಸಭೆ ಕೂಡಿದಾಗ, ಈ ಶುದ್ಧರ ಪಂಗಡದ ಒಬ್ಬ ಸಭಾಧ್ಯಕ್ಷನೊಡನೆ ಕೈಸರನಾದ ಕಾನ್‌ಸ್ಟಂಟೈನನು ಮಾತಾಡಿದನೆಂದು ಸೊಕ್ರತೇಸನೆಂಬ ಸಭಾಚರಿತ್ರಕಾರನು ಬರೆದಿದ್ದಾನೆ. ಅವನ ಕಠಿಣವಾದ ನಿಯಮವನ್ನು ಕೇಳಿದ ಕೈಸರನು, ಹಾಗಾದರೆ ನೀನು ಏಣಿಯನ್ನು ಇಟ್ಟುಕೊಂಡು ಒಬ್ಬನೇ ಪರಲೋಕಕ್ಕೆ ಹತ್ತು ಎಂಬದಾಗಿ ಉತ್ತರಕೊಟ್ಟನಂತೆ. ಒಬ್ಬನೇ ಹತ್ತುವ ಏಣಿಯು ತಂದೆಯ ಮನೆಗೆ ಮುಟ್ಟುವದೋ ಎಂಬದನ್ನು ನಾವು ಯೋಚಿಸಬೇಕು.

ಹಿರಿಯ ಮಗನ ತಪ್ಪು ಎಲ್ಲಿದೆ? ಅವನು ದುಡಿದದ್ದು ನಿಜ, ಅಪ್ಪಣೆಯನ್ನು ಮೀರದೆ ಇದ್ದದ್ದೂ ನಿಜ. ತಂದೆಯು ಇದನ್ನು ಅಲ್ಲಗಳೆಯಲಿಲ್ಲ. ಆದರೆ ಅವನು ತನ್ನ ವರುಷಗಳನ್ನು ಕೂಲಿಯಾಳಿನಂತೆ ಎಣಿಸಿ ಒಂದು ಆಡಿನ ಮರಿಯ ಲೆಕ್ಕವನ್ನು ಮುಂದಿಟ್ಟನು. ಕಿರಿಯನು ದೂರದೇಶದಲ್ಲಿ ಕೂಲಿಯವನಾಗಲು ಯೋಚಿಸಿದನು. ಹಿರಿಯನು ಮನೆಯಲ್ಲಿದ್ದೇ ಕೂಲಿಯವನಾಗಿದ್ದನು. ಇನ್ನೂ ಒಂದು ಮಾತುಂಟು. ತಪ್ಪಿಹೋದವನು ಸುಖಪಟ್ಟನು, ನಾವು ಮಾತ್ರ ಕಷ್ಟಪಟ್ಟೆವು ಎಂದು ಗೊಣಗುವವನು, ಪಾಪವೇ ಹಬ್ಬ, ದೇವರ ಸೇವೆಯೇ ಶಿಕ್ಷೆ ಎಂದು ಒಳಗೊಳಗೆ ನಂಬಿರುತ್ತಾನೆ. ಹಂದಿಗಳ ನಡುವೆ ಹಸಿದು ಕೂತದ್ದು ಹಬ್ಬವೋ? ಪ್ರತಿದಿನವೂ ತಂದೆಯ ಸಂಗಡ ರೊಟ್ಟಿ ತಿಂದದ್ದು ಶಿಕ್ಷೆಯೋ? ನಂಬಿಗಸ್ತಿಕೆಯ ಫಲವು ಕಡೆಯಲ್ಲಿ ದೊರೆಯುವ ಕೂಲಿ ಮಾತ್ರವಲ್ಲ. ತಂದೆಯೊಡನೆ ಕಳೆದ ಆ ದಿನಗಳೇ ಫಲವಾಗಿವೆ. ಆದಕಾರಣ ತಮ್ಮನಿಗೆ ಕರುವನ್ನು ಕೊಯ್ದದರಿಂದ ಅಣ್ಣನ ಆ ದಿನಗಳಲ್ಲಿ ಒಂದಾದರೂ ಕಡಿಮೆಯಾಗಲಿಲ್ಲ.

ಹೀಗೆಂದು ಹೇಳುವದರಿಂದ ಸಭೆಯ ಶಿಕ್ಷಾಕ್ರಮವು ಬೇಡವೆಂದು ಯಾರೂ ತಿಳಿಯಬಾರದು. ಸಾಲಮಾಡಿ ಓಡಿಹೋದವನು ಸಾಲವನ್ನು ತೀರಿಸತಕ್ಕದ್ದು; ಹೆಂಡತಿಯನ್ನು ಬಿಟ್ಟುಹೋದವನು ಮೊದಲು ಅವಳ ಮುಂದೆ ತಪ್ಪನ್ನು ಒಪ್ಪಿಕೊಳ್ಳತಕ್ಕದ್ದು. ಅನ್ಯಾಯವನ್ನು ಅನುಭವಿಸಿದವರ ಕಣ್ಣೀರನ್ನು ತುಳಿದು ಹಬ್ಬಮಾಡುವದು ಸುವಾರ್ತೆಯಲ್ಲ. ಆದರೂ ಶಿಕ್ಷೆಗೆ ಒಂದು ಮೇರೆಯುಂಟು. ಕೊರಿಂಥದ ಸಭೆಯವರು ತಪ್ಪುಮಾಡಿದ ಒಬ್ಬನನ್ನು ದಂಡಿಸಿದಾಗ, ಅಷ್ಟು ಸಾಕು, ಇನ್ನು ಅವನು ಅಧಿಕವಾದ ದುಃಖದಲ್ಲಿ ಮುಳುಗಿಹೋಗದ ಹಾಗೆ ಕ್ಷಮಿಸಿ ಸಂತೈಸಿರೆಂಬ ಅಭಿಪ್ರಾಯವನ್ನು ಅಪೊಸ್ತಲನಾದ ಪೌಲನು ಎರಡನೆಯ ಪತ್ರಿಕೆಯಲ್ಲಿ ಬರೆದನು. ದಂಡನೆಯ ಗುರಿಯು ಸಹೋದರನನ್ನು ತಿರಿಗಿ ಪಡೆಯುವದೇ ಹೊರತು ನಮ್ಮ ಸಿಟ್ಟನ್ನು ತಣಿಸುವದಲ್ಲ.

ಹೊರಗೆ ನಿಂತವನು ತಮ್ಮನನ್ನು ತಮ್ಮನೆನ್ನಲಿಲ್ಲ; ನಿನ್ನ ಮಗನೆಂದು ತಂದೆಗೆ ಹೇಳಿದನು. ತಂದೆಯಾದರೋ ನಿನ್ನ ತಮ್ಮನೆಂದು ತಿದ್ದಿದನು. ಪ್ರಿಯ ವಾಚಕರೇ, ಈ ಒಂದು ಮಾತಿನಲ್ಲಿ ಎಲ್ಲವೂ ಅಡಗಿದೆ. ಕಿರಿಯನನ್ನು ಎದುರುಗೊಳ್ಳಲು ದಾರಿಗೆ ಓಡಿದ ತಂದೆಯು, ಹಿರಿಯನನ್ನು ಬೇಡಿಕೊಳ್ಳಲು ಅದೇ ದಿನ ಹಬ್ಬವನ್ನು ಬಿಟ್ಟು ಹೊರಗೆ ಬಂದನು. ಇಬ್ಬರಿಗಾಗಿಯೂ ಬಾಗಲನ್ನು ದಾಟಿದನು. ಹಿರಿಯನು ಒಳಗೆ ಹೋದನೋ ಇಲ್ಲವೋ ಎಂಬದನ್ನು ಕರ್ತನು ಹೇಳದೆ ಬಿಟ್ಟನು. ಆ ಉತ್ತರವನ್ನು ನಾವೇ ಕೊಡಬೇಕಾಗಿದೆ. ಮುಂದಿನ ಸಾರಿ ನಮ್ಮ ಸಭೆಯಲ್ಲಿ ಕರ್ತನ ಭೋಜನವು ನಡೆಯುವಾಗ, ಬಹುಕಾಲ ತಪ್ಪಿಹೋಗಿದ್ದವನು ನಾಚಿಕೆಯಿಂದ ಗೋಡೆಯ ಬದಿಯಲ್ಲಿ ಕೂತಿದ್ದರೆ, ನಾವು ಸ್ವಲ್ಪ ಸರಿದು ಅವನಿಗೆ ನಮ್ಮ ಚಾಪೆಯ ಮೇಲೆ ಸ್ಥಳಕೊಡೋಣ. ನಂಬಿಗಸ್ತರನ್ನೂ ತಿರಿಗಿ ಬಂದವರನ್ನೂ ಒಂದೇ ಮೇಜಿಗೆ ಕರೆಯುವ ತಂದೆಯು ನಮ್ಮ ಮನಸ್ಸನ್ನು ಅದಕ್ಕೆ ಸಿದ್ಧಮಾಡಲಿ.