ಯಾರಿಗೆ ಕೊಟ್ಟೆ?

2025ರ ಮೇ 18, ಭಾನುವಾರ. ಟೊರಾಂಟೊದಲ್ಲಿ ವಿಕ್ಟೋರಿಯಾ ಡೇ ರಜೆಯ ವಾರಾಂತ್ಯ. ಬೆಳಿಗ್ಗೆ ಕಾಫಿ ಕುಡಿಯುತ್ತ ನಾನು ಫೋನಿನಲ್ಲಿ ಎರಡು ಸೀಟುಗಳ ಬೆಲೆ ನೋಡುತ್ತಿದ್ದೆ. ಅವು ನನ್ನವೇ ಸೀಟುಗಳು. ಅಂದು ಸಂಜೆ ಸ್ಕೋಶಿಯಾಬ್ಯಾಂಕ್ ಅರೀನಾದಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ಮತ್ತು ಫ್ಲಾರಿಡಾ ಪ್ಯಾಂಥರ್ಸ್ ನಡುವೆ ಏಳನೆಯ ಪಂದ್ಯ. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಊರೆಲ್ಲ ನೀಲಿ ಬಣ್ಣ. ಅದೇ ಹಿಂದಿನ ಸಾಲಿನ ಸೀಟುಗಳನ್ನು ಜನ ನಾನು ಕೊಟ್ಟದ್ದರ ನಾಲ್ಕು ಪಟ್ಟು ಬೆಲೆಗೆ ಮಾರಾಟಕ್ಕಿಟ್ಟಿದ್ದರು.

ಹಾಕಿ ಎಂದರೆ ಕೊಡಗಿನ ಮೈದಾನ ನೆನಪಾಗುವ ಓದುಗರಿಗೆ ಒಂದು ಮಾತು: ಕೆನಡಾದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಲೀಫ್ಸ್ ತಂಡ ಹುಟ್ಟಿದ್ದು 1917ರಲ್ಲಿ, ಸ್ಟ್ಯಾನ್ಲಿ ಕಪ್ ಕೊನೆಯ ಸಲ ಗೆದ್ದದ್ದು 1967ರಲ್ಲಿ. ಅಷ್ಟು ವರ್ಷ ಸೋತರೂ ಸೀಟು ಖಾಲಿ ಇರುವುದಿಲ್ಲ. ಆಗ ಒಂದು ಸೀಸನ್ನಿನಲ್ಲಿ ಊರಿನಲ್ಲಿ 41 ಪಂದ್ಯ ಇರುತ್ತಿದ್ದವು. ಅಷ್ಟಕ್ಕೂ ಒಂದೇ ಸೀಟು ಕಾಯ್ದಿರಿಸಿಕೊಳ್ಳುವುದೇ ಸೀಸನ್ ಟಿಕೆಟ್. ಅದಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ.

ನಾನು ಕಾದವನಲ್ಲ. ಕಾದವನು ನನ್ನ ಹಿರಿಯ ಸಹೋದ್ಯೋಗಿ. ಹಳೆಯ ಮೇಪಲ್ ಲೀಫ್ ಗಾರ್ಡನ್ಸ್‌ನ ಕಾಲದಲ್ಲಿ ಹೆಸರು ಬರೆಸಿ, 1999ರಲ್ಲಿ ಹೊಸ ಅರೀನಾ ತೆರೆದ ಮೇಲೆ ಎರಡು ಸೀಟು ದಕ್ಕಿಸಿಕೊಂಡವನು. ನಿವೃತ್ತಿಯ ಹೊತ್ತಿಗೆ ಅಷ್ಟೂ ಪಂದ್ಯಕ್ಕೆ ಹೋಗುವ ಶಕ್ತಿಯೂ ದುಡ್ಡೂ ಸಾಲದೆ, ನಾಲ್ಕು ಜನರನ್ನು ಪಾಲಿಗೆ ಸೇರಿಸಿಕೊಂಡ. ಪ್ರತಿ ಸೆಪ್ಟೆಂಬರಿನಲ್ಲಿ ಒಂದು ಕಾಫಿ ಅಂಗಡಿಯಲ್ಲಿ ಕೂತು ಚೀಟಿ ಎತ್ತಿ ಪಂದ್ಯ ಹಂಚಿಕೊಳ್ಳುತ್ತೇವೆ. ತಾನು ಕೊಟ್ಟಷ್ಟನ್ನೇ ನಮ್ಮಿಂದ ತೆಗೆದುಕೊಳ್ಳುತ್ತಾನೆ, ಒಂದು ಸೆಂಟ್ ಹೆಚ್ಚಿಲ್ಲ. ಅವನದು ಒಂದೇ ಷರತ್ತು: ಹೋಗಲಾಗದಿದ್ದರೆ, ಕೊಟ್ಟ ಬೆಲೆಗೇ ಮಾರು, ಹೋಗಿ ಕೂತು ನೋಡುವವರಿಗೆ ಮಾರು.

ಏಳನೆಯ ಪಂದ್ಯದ ಚೀಟಿ ನನಗೆ ಬಂದಿತ್ತು. ಆ ವಸಂತದಲ್ಲಿ ನಮ್ಮ ನೆಲಮಾಳಿಗೆಗೆ ನೀರು ನುಗ್ಗಿ ರಿಪೇರಿಯ ಬಿಲ್ಲೂ ಬಂದಿತ್ತು. ಬಿಲ್ಲನ್ನು ಹೇಗೂ ಕಟ್ಟಬಹುದಿತ್ತು, ಅದನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದೆ ಬರೆದರೆ ಸುಳ್ಳಾಗುತ್ತದೆ. ಮಧ್ಯಾಹ್ನಕ್ಕೆ ಮುಂಚೆ ಎರಡೂ ಸೀಟನ್ನು ಮರುಮಾರಾಟದ ತಾಣದಲ್ಲಿ ಹಾಕಿದೆ. ಹದಿನೈದು ನಿಮಿಷದಲ್ಲಿ ಹೋದವು. ಸಂಜೆ ಮನೆಯಲ್ಲಿ ಟೀವಿಯಲ್ಲಿ ನೋಡಿದೆ. ಲೀಫ್ಸ್ 6–1ರಿಂದ ಸೋತಿತು. ಪ್ರೇಕ್ಷಕರಲ್ಲಿ ಕೆಲವರು ಸಿಟ್ಟಿನಿಂದ ತಮ್ಮ ಜೆರ್ಸಿಯನ್ನೇ ಬಿಚ್ಚಿ ಅಂಕಣಕ್ಕೆ ಎಸೆದರು. ಸದ್ಯ, ನಾನಲ್ಲಿ ಇರಲಿಲ್ಲ ಅಂದುಕೊಂಡೆ.

ಸೆಪ್ಟೆಂಬರಿನಲ್ಲಿ ಚೀಟಿ ಎತ್ತಲು ಕೂತಾಗ ಆತ ಕೇಳಿದ: 'ಆ ದಿನ ಹೋಗಿದ್ದೆಯಾ?' ಇಲ್ಲ ಎಂದೆ. 'ಯಾರಿಗೆ ಕೊಟ್ಟೆ?'

ಎಷ್ಟಕ್ಕೆ ಕೊಟ್ಟೆ ಎಂದು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇತ್ತು, ಸಮರ್ಥನೆಯೂ ಇತ್ತು. ಯಾರಿಗೆ ಎಂಬುದಕ್ಕೆ ಇರಲಿಲ್ಲ. ಯಾರೋ ಒಬ್ಬರು ಕಾರ್ಡು ಉಜ್ಜಿದ್ದರು, ತಾಣದವರು ತಮ್ಮ ಪಾಲು ಕಳೆದು ಉಳಿದದ್ದನ್ನು ನನ್ನ ಖಾತೆಗೆ ಹಾಕಿದ್ದರು. ಕೊಂಡವರು ನೋಡಲು ಹೋದರೋ, ಇನ್ನೂ ಹೆಚ್ಚಿಗೆ ಮಾರಿದರೋ ನನಗೆ ಗೊತ್ತಿರಲಿಲ್ಲ. ಗೊತ್ತಾಗಬೇಕು ಎಂದು ಅನ್ನಿಸಿಯೂ ಇರಲಿಲ್ಲ.

ನಾನು ಕಾನೂನು ಮುರಿದಿರಲಿಲ್ಲ. ಒಂಟಾರಿಯೊದಲ್ಲಿ ಒಂದು ಕಾಲಕ್ಕೆ ಟಿಕೆಟ್ಟನ್ನು ಮುಖಬೆಲೆಗಿಂತ ಹೆಚ್ಚಿಗೆ ಮಾರುವುದೇ ಅಪರಾಧವಾಗಿತ್ತು. ಟಿಕೆಟ್ ಅಸಲಿ ಎಂದು ದೃಢೀಕರಿಸಿದರೆ ಅಥವಾ ಹಣ ವಾಪಸಿನ ಭರವಸೆ ಕೊಟ್ಟರೆ ಹೆಚ್ಚಿಗೆ ಮಾರಬಹುದು ಎಂದು 2015ರಲ್ಲಿ ಸಡಿಲಿಸಿದರು. 2017ರ ಕಾಯ್ದೆ ಟಿಕೆಟ್ ದೋಚುವ ಬಾಟ್‌ಗಳನ್ನು ನಿಷೇಧಿಸಿತು. ಮುಖಬೆಲೆಯ ಮೇಲೆ ಶೇಕಡಾ 50ಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದೂ ಬರೆಯಿತು. ಆದರೆ ಸರ್ಕಾರ ಬದಲಾಯಿತು. ಆ ಮಿತಿ ಜಾರಿಗೇ ಬರದೆ 2019ರಲ್ಲಿ ರದ್ದಾಯಿತು. 2025ರ ಶರತ್ಕಾಲದಲ್ಲಿ ಬ್ಲೂ ಜೇಸ್ ಬೇಸ್‌ಬಾಲ್ ತಂಡ ವರ್ಲ್ಡ್ ಸೀರೀಸ್ ತಲುಪಿ ಟಿಕೆಟ್ ಬೆಲೆ ಆಕಾಶಕ್ಕೇರಿದಾಗ ಮಿತಿಯ ಮಾತು ಮತ್ತೆ ಎದ್ದಿತು. ಅದೇ ನವೆಂಬರಿನಲ್ಲಿ ಬ್ರಿಟನ್ ಸರ್ಕಾರ ಮುಖಬೆಲೆ ಮೀರಿದ ಮರುಮಾರಾಟವನ್ನೇ ನಿಷೇಧಿಸುವುದಾಗಿ ಘೋಷಿಸಿತು. ಅಮೆರಿಕದಲ್ಲಿ ಬಾಟ್‌ಗಳ ವಿರುದ್ಧ 2016ರಿಂದಲೂ ಕಾನೂನಿದೆ. ಸೀಸನ್ನಿನ ಬಹುಪಾಲು ಪಂದ್ಯಗಳನ್ನು ಮಾರಿಕೊಳ್ಳುವವರಿಗೆ ಮುಂದಿನ ವರ್ಷ ಟಿಕೆಟ್ ಕೊಡುವುದಿಲ್ಲ ಎಂದು ಕೆಲವು ತಂಡಗಳೂ ಹೇಳುತ್ತವೆ. ನಾನು ಈ ಯಾವ ಬಲೆಗೂ ಬೀಳುವವನಲ್ಲ. ಒಂದೇ ಒಂದು ಸಂಜೆಯ ಎರಡು ಸೀಟು ಮಾರಿದವನು.

ಆದರೂ ಆ ಪ್ರಶ್ನೆ ಹೋಗಲಿಲ್ಲ. ಅದರ ಜೊತೆಗೆ ಒಂದು ನೆನಪೂ ಬಂತು.

ನಾನು ಏಳೋ ಎಂಟೋ ವರ್ಷದವನಿದ್ದಾಗ ಅಪ್ಪ ನನ್ನನ್ನು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಒಂದು ಥಿಯೇಟರಿಗೆ ಕರೆದುಕೊಂಡು ಹೋಗಿದ್ದರು. ಒಂದು ಗಂಟೆ ಕ್ಯೂ ನಿಂತೆವು. ನಮ್ಮ ಮುಂದೆ ಹತ್ತು ಜನ ಇರುವಾಗ ಕೌಂಟರಿನ ಕಿಂಡಿ ಮುಚ್ಚಿ ಹೌಸ್‌ಫುಲ್ ಬೋರ್ಡು ಬಿತ್ತು. ಆಗ ನನಗಿಂತ ಐದಾರು ವರ್ಷ ದೊಡ್ಡವನಾದ ಒಬ್ಬ ಹುಡುಗ ಪಕ್ಕಕ್ಕೆ ಬಂದು, ತುಟಿ ಅಲುಗಿಸದೆ, 'ಬಾಲ್ಕನಿ, ಐದಕ್ಕೆ ಹದಿನೈದು' ಅಂದ. ಅಪ್ಪ ಅವನ ಮುಖವನ್ನೂ ನೋಡಲಿಲ್ಲ. ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ದಾರಿಯಲ್ಲಿ ಹೇಳಿದ್ದು ಒಂದೇ ಮಾತು: 'ಕಳ್ಳರು.' ಹಿಂತಿರುಗಿ ನೋಡಿದರೆ ಒಬ್ಬ ಪೊಲೀಸ್ ಪೇದೆ ಲಾಠಿ ಬೀಸುತ್ತ ಬರುತ್ತಿದ್ದ, ಹುಡುಗ ಕಾಲಿಗೆ ಬುದ್ಧಿ ಹೇಳಿದ್ದ.

ಆ ಹುಡುಗ ಮೂರು ಪಟ್ಟಿಗೆ ಮಾರಿದ, ನಾನು ನಾಲ್ಕು ಪಟ್ಟಿಗೆ. ಅವನನ್ನು ಲಾಠಿ ಅಟ್ಟಿಸಿಕೊಂಡು ಹೋಯಿತು, ನನಗೆ ತಾಣದವರು 'ಅಭಿನಂದನೆಗಳು' ಎಂದು ಮೇಲ್ ಕಳಿಸಿದರು. ಅವನಿಗೆ ಅದು ರಾತ್ರಿಯ ಊಟವಿದ್ದೀತು.

ನನ್ನ ಪರ ವಕಾಲತ್ತು ಮಾಡುವವರು ಹೇಳುವುದು ಇಷ್ಟು: ಕೊಂಡವರು ಒಪ್ಪಿ ಕೊಂಡರು, ಯಾರೂ ಒತ್ತಾಯಿಸಲಿಲ್ಲ. ಯಾರಿಗೆ ಹೆಚ್ಚು ಬೇಕೋ ಅವರು ಹೆಚ್ಚು ಕೊಡುತ್ತಾರೆ, ಸೀಟು ಸೇರಬೇಕಾದವರಿಗೇ ಸೇರುತ್ತದೆ. ತಂಡದವರೇ ಪ್ಲೇಆಫ್‌ನಲ್ಲಿ ಬೆಲೆ ಏರಿಸುವಾಗ ನನಗೇಕೆ ಈ ಮಡಿ? ಈ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ 'ಹೆಚ್ಚು ಬೇಕು' ಎನ್ನುವುದಕ್ಕೂ 'ಹೆಚ್ಚು ಕೊಡಬಲ್ಲೆ' ಎನ್ನುವುದಕ್ಕೂ ನಡುವೆ ಒಂದು ಕಂದಕವಿದೆ. ಮೈಕೆಲ್ ಸ್ಯಾಂಡೆಲ್ 2012ರಲ್ಲಿ ಬರೆದ 'ವಾಟ್ ಮನಿ ಕಾಂಟ್ ಬೈ' ಪುಸ್ತಕ ಕ್ಯೂ ಮುರಿಯುವ ಕಥೆಗಳಿಂದಲೇ ಶುರುವಾಗುತ್ತದೆ. ಆತ ಎತ್ತುವ ಆಕ್ಷೇಪಗಳಲ್ಲಿ ಇದೂ ಒಂದು. ಅಂದು ನನ್ನಪ್ಪನಿಗೆ ಆ ಸಿನಿಮಾ ಎಷ್ಟು ಬೇಕಿತ್ತು ಎಂಬುದು ಅವರ ಜೇಬನ್ನು ನೋಡಿದರೆ ತಿಳಿಯುತ್ತಿರಲಿಲ್ಲ.

ಕ್ಯೂ ಪರಮ ನ್ಯಾಯವೇ ಎಂದರೆ ಅದೂ ಅಲ್ಲ. ದಿನಗೂಲಿಯವನಿಗೆ ಕ್ಯೂನಲ್ಲಿ ನಿಲ್ಲುವ ಒಂದು ಗಂಟೆಯೂ ದುಡ್ಡೇ.

ನನ್ನನ್ನು ನಿಜಕ್ಕೂ ಕಟ್ಟಿಹಾಕಿದ್ದು ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್. ನ್ಯಾಯಬೆಲೆಯ ಬಗ್ಗೆ ಬರೆಯುತ್ತ ಆತ ಮಾಡುವ ಭೇದ ಹೀಗಿದೆ: ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ನಷ್ಟವಾಗುವಂತಿದ್ದರೆ ಆ ನಷ್ಟವನ್ನು ಬೆಲೆಗೆ ಸೇರಿಸಬಹುದು. ಆದರೆ ಕೊಳ್ಳುವವನಿಗೆ ಅದರ ಅಗತ್ಯ ಬಹಳವಿದೆ ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸಬಾರದು. ಆ ಹೆಚ್ಚುವರಿ ಪ್ರಯೋಜನ ಹುಟ್ಟಿದ್ದು ಕೊಳ್ಳುವವನ ಸ್ಥಿತಿಯಿಂದ, ಮಾರುವವನಿಂದಲ್ಲ. ತನ್ನದಲ್ಲದ್ದನ್ನು ಯಾರೂ ಮಾರುವಂತಿಲ್ಲ.

ಇದನ್ನು ಹಿಡಿದು ನನ್ನ ಲಾಭವನ್ನು ಬಿಡಿಸಿ ನೋಡಿದೆ. ನಾನು ಆ ಸಂಜೆಯನ್ನು ಬಿಟ್ಟುಕೊಟ್ಟೆ. ಅದಕ್ಕೊಂದು ಬೆಲೆ ಇದ್ದರೆ ಅದು ನನ್ನದು. ಉಳಿದ ಮೂರು ಪಟ್ಟು ಎಲ್ಲಿಂದ ಬಂತು? ಒಂದಂಶ ಊರಿನ ಹಸಿವಿನಿಂದ, 1967ರಿಂದ ಕಾದ ಊರಿನ ಹಸಿವು. ಇನ್ನೊಂದಂಶ ಆ ಮುದುಕನ ತಾಳ್ಮೆಯಿಂದ. ಹೆಸರು ಬರೆಸಿ ಕಾದದ್ದು ಅವನು, ಸೋಲುವ ತಂಡಕ್ಕೆ ವರ್ಷವರ್ಷವೂ ದುಡ್ಡು ಕಟ್ಟಿ ಸೀಟು ಉಳಿಸಿದ್ದು ಅವನು. ತನಗೆ ಬಿದ್ದ ಬೆಲೆಗೇ ನನಗೆ ಕೊಟ್ಟಾಗ ಅವನು ಆ ಕಾಯುವಿಕೆಯನ್ನು ನನಗೆ ಪುಕ್ಕಟೆ ಕೊಟ್ಟಿದ್ದ. ನಾನು ಮಾರಿದ್ದು ಅದನ್ನು.

ನಮ್ಮಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಆಕೆ ಹಿಂದಕ್ಕೆ ಕಳಿಸುತ್ತಾಳೆ. ಅವನು ಕದ್ದಿರಲಿಲ್ಲ, ಬಿದ್ದದ್ದನ್ನೇ ಆಯ್ದಿದ್ದ. ಆದರೂ ಅದು ತಮ್ಮದಲ್ಲ ಎಂದು ಆಕೆಗೆ ಗೊತ್ತಿತ್ತು. ಸ್ಕೂಲಿನಲ್ಲಿ ಓದುವಾಗ ಇದು ಅತಿಯಾಯಿತು ಅನ್ನಿಸಿತ್ತು.

ಹಾಗಾದರೆ ಮುಖಬೆಲೆಗೆ ಮಾರಿದರೆ ಮುಗಿಯಿತೇ? ಇಲ್ಲ. ಮುಖಬೆಲೆಗೆ ಯಾರಿಗೋ ಕೊಟ್ಟರೆ, ಆ ಯಾರೋ ನಾಳೆ ನಾಲ್ಕು ಪಟ್ಟಿಗೆ ಮಾರಬಹುದು. ನನ್ನ ಔದಾರ್ಯ ಒಬ್ಬ ದಲ್ಲಾಳಿಯ ಲಾಭವಾಗುತ್ತದೆ. ಆದ್ದರಿಂದಲೇ ನನ್ನ ಸಹೋದ್ಯೋಗಿಯ ಷರತ್ತಿಗೆ ಎರಡು ಕಾಲು: ಕೊಟ್ಟ ಬೆಲೆಗೆ, ಮತ್ತು ಹೋಗುವವರಿಗೆ. ಹೋಗುವವರು ಯಾರೆಂದು ತಿಳಿಯಲು ಅವರ ಮುಖ ನೋಡಬೇಕು.

ಮುಖ ನೋಡುವುದರಲ್ಲಿ ಅಪಾಯವಿದೆ. ಹಿಂದೆ ಕಾಗದದ ಟಿಕೆಟ್, ಆಮೇಲೆ ಮುದ್ರಿಸಿಕೊಳ್ಳುವ ಪಿಡಿಎಫ್. ಒಂದೇ ಪಿಡಿಎಫ್ ಅನ್ನು ಹತ್ತು ಜನರಿಗೆ ಮಾರಿದವರಿದ್ದರು. ಬಾಗಿಲಲ್ಲಿ ಮೊದಲು ಬಂದವನು ಒಳಗೆ, ಉಳಿದ ಒಂಬತ್ತು ಜನ ಹೊರಗೆ. ಈಗಿನ ಟಿಕೆಟ್ಟಿನ ಬಾರ್‌ಕೋಡು ಫೋನಿನಲ್ಲಿ ಕೆಲವೇ ಸೆಕೆಂಡಿಗೆ ಬದಲಾಗುತ್ತದೆ, ಸ್ಕ್ರೀನ್‌ಶಾಟು ಕೆಲಸಕ್ಕೆ ಬಾರದು. ಅಪರಿಚಿತರ ಜೊತೆಗಿನ ವ್ಯವಹಾರಕ್ಕೆ ಅನುಭವಸ್ಥರು ಹೇಳುವ ದಾರಿ ಸರಳ: ಚಿತ್ರಕ್ಕೆ ದುಡ್ಡು ಕೊಡಬೇಡ, ಟಿಕೆಟ್ಟನ್ನು ಆ್ಯಪಿನ ಒಳಗೇ ನಿನ್ನ ಹೆಸರಿಗೆ ವರ್ಗಾಯಿಸಿಕೋ, ಇ-ಟ್ರಾನ್ಸ್‌ಫರ್ ಮಾಡಿದ ದುಡ್ಡು ವಾಪಸು ಬರುವುದು ಕಷ್ಟ, ಆದ್ದರಿಂದ ಎದುರಾಬದುರು ನಿಂತು ಮಾಡು, ಸೀಟಿನ ಸಂಖ್ಯೆ ಹೇಳಲು ಅಳುಕುವವನನ್ನು ನಂಬಬೇಡ. ಮಾರುವವನಿಗೂ ಮೋಸವಾಗುತ್ತದೆ, ಟಿಕೆಟ್ ಕೈಗೆ ಬಂದ ಮೇಲೆ ಕಾರ್ಡಿನ ಪಾವತಿಯನ್ನು ತಕರಾರು ಮಾಡಿ ವಾಪಸು ಪಡೆಯುವವರಿದ್ದಾರೆ.

ಇಷ್ಟೆಲ್ಲ ತಲೆನೋವು ಬೇಡವೆಂದೇ ನಾವು ದೊಡ್ಡ ತಾಣಗಳಿಗೆ ಹೋಗುತ್ತೇವೆ. ಅಲ್ಲಿ ಭರವಸೆಯಿದೆ, ಅದಕ್ಕೆ ಶುಲ್ಕವಿದೆ. ಆದರೆ ಯಾರನ್ನೂ ನಂಬಬೇಕಾಗಿಲ್ಲ ಎನ್ನುವ ಜಾಗದಲ್ಲಿ ಯಾರ ಬಗ್ಗೆಯೂ ಯೋಚಿಸಬೇಕಾಗಿಯೂ ಇಲ್ಲ. ಅಂದು ನನಗೆ ಅಷ್ಟು ಸಲೀಸಾದದ್ದು ಇದರಿಂದಲೇ. ಎದುರಿಗೆ ಒಬ್ಬ ಅಪ್ಪ ಮಗನ ಕೈ ಹಿಡಿದು ನಿಂತಿದ್ದರೆ ನಾಲ್ಕು ಪಟ್ಟು ಎಂದು ಹೇಳಲು ನನಗೆ ಬಾಯಿ ಬರುತ್ತಿತ್ತೇ? ಆ ಮೆಜೆಸ್ಟಿಕ್ಕಿನ ಹುಡುಗ ಹೇಳಿದ, ನಿಜ. ಆದರೆ ಅವನು ತುಟಿ ಅಲುಗಿಸದೆ ಹೇಳಿದ.

ಗೊತ್ತಿದ್ದವರಿಗೇ ಕೊಡುತ್ತೇನೆ ಎಂದರೆ ಅದರಲ್ಲೂ ಒಂದು ತೊಡಕಿದೆ. ನನಗೆ ಗೊತ್ತಿದ್ದವರು ಯಾರು? ಆಫೀಸಿನವರು, ಕನ್ನಡ ಸಂಘದ ವಾಟ್ಸಾಪ್ ಗುಂಪಿನವರು. ಹಾಗೆ ಹಂಚಿದರೆ ಸೀಟು ಸದಾ ನನ್ನಂಥವರ ಒಳಗೇ ಸುತ್ತುತ್ತದೆ. 2014ರಲ್ಲಿ ನ್ಯಾಶ್‌ವಿಲ್ ಪ್ರೆಡೇಟರ್ಸ್ ತಂಡ ಎದುರಾಳಿ ಶಿಕಾಗೊ ಬೆಂಬಲಿಗರು ತನ್ನ ಅರೀನಾ ತುಂಬುವುದನ್ನು ತಡೆಯಲು 'ಕೆಂಪನ್ನು ಹೊರಗಿಡಿ' ಎಂಬ ಅಭಿಯಾನವನ್ನೇ ಮಾಡಿತು. ನಮ್ಮವರಿಗೆ ಮಾತ್ರ ಎನ್ನುವ ಮಾತು ಎಷ್ಟು ಬೇಗ ಬೇಲಿಯಾಗುತ್ತದೆ ಎಂದು ಕರ್ನಾಟಕದಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ಲ್ಯಾಕ್ ಟಿಕೆಟ್ ಮಾರುವವನು ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಅವನ ಅಂಗಡಿ ಎಲ್ಲರಿಗೂ ತೆರೆದಿತ್ತು.

ಅಂದು ಕಾಫಿ ಅಂಗಡಿಯಲ್ಲಿ ನಾನು ನಿಜ ಹೇಳಿದೆ, ಬೆಲೆಯ ಸಮೇತ. ಹೆಚ್ಚಿಗೆ ಬಂದ ದುಡ್ಡನ್ನು ಈ ವರ್ಷದ ನಮ್ಮೆಲ್ಲರ ಪಾಲಿಗೆ ಸೇರಿಸುತ್ತೇನೆ ಎಂದೂ ಹೇಳಿದೆ. ಆತ ಬೇಡವೆಂದ. 'ಅದು ನನ್ನದೂ ಅಲ್ಲವಲ್ಲ' ಎಂದು ಚೀಟಿಗಳ ಬುಟ್ಟಿಯನ್ನು ನನ್ನ ಕಡೆ ತಳ್ಳಿದ. ಮತ್ತೆ ಏಳನೆಯ ಪಂದ್ಯ ನನಗೆ ಬಂದು, ಮತ್ತೆ ನೆಲಮಾಳಿಗೆಗೆ ನೀರು ನುಗ್ಗಿದರೆ ಏನು ಮಾಡುತ್ತೇನೆ? ಆಣೆ ಇಟ್ಟು ಹೇಳಲಾರೆ.

ಆ ಚಳಿಗಾಲ ಒಂದು ಮಂಗಳವಾರದ ಪಂದ್ಯಕ್ಕೆ ಹೋಗಲಾಗಲಿಲ್ಲ. ಒಂದು ಸೀಟನ್ನು ಉಳಿದ ಪಾಲುದಾರರಲ್ಲಿ ಒಬ್ಬರು ತೆಗೆದುಕೊಂಡರು. ಇನ್ನೊಂದನ್ನು ಮುಖಬೆಲೆಗೆ ಕೊಡುವುದಾಗಿ, ಹೋಗಿ ನೋಡುವವರು ಮಾತ್ರ ಕೇಳಿ ಎಂದು ಜಾಹೀರಾತು ಹಾಕಿದೆ. ಒಬ್ಬಳು ವಿದ್ಯಾರ್ಥಿನಿ ಬರೆದಳು. ಅವಳ ಮೊದಲ ಪ್ರಶ್ನೆ: 'ಇಷ್ಟು ಕಡಿಮೆಗೆ ಯಾಕೆ ಕೊಡುತ್ತಿದ್ದೀರಿ? ಇದು ಅಸಲಿಯೇ?' ಹಿಂದೊಮ್ಮೆ ಅಗ್ಗದ ಟಿಕೆಟ್ ನಂಬಿ ಮೋಸ ಹೋಗಿದ್ದಳಂತೆ.

ಅರೀನಾದ ಪಕ್ಕದಲ್ಲೇ ಇರುವ ಯೂನಿಯನ್ ಸ್ಟೇಷನ್ನಿನ ಗಡಿಯಾರದ ಕೆಳಗೆ ಭೇಟಿಯಾದೆವು. ಅವಳು ಗೆಳತಿಯೊಬ್ಬಳನ್ನು ಜೊತೆಗೆ ಕರೆತಂದಿದ್ದಳು, ನನ್ನ ಮೇಲಿನ ಅನುಮಾನಕ್ಕೆ. ನಾನು ಟಿಕೆಟ್ ವರ್ಗಾಯಿಸಿದೆ. ಅದು ಅವಳ ಫೋನಿನಲ್ಲಿ ತೆರೆಯಿತು. ಬಾರ್‌ಕೋಡು ಅಲುಗುವುದನ್ನು ಅವಳು ಎರಡು ಸಲ ನೋಡಿದಳು, ಸೀಟಿನ ಸಂಖ್ಯೆಯನ್ನು ಗೆಳತಿಗೆ ತೋರಿಸಿದಳು, ಆಮೇಲೆ ದುಡ್ಡು ಕಳಿಸಿದಳು. ಹೋಗುವ ಮುಂಚೆ ಕೇಳಿದಳು: 'ನಿಜವಾಗಿಯೂ ಅಷ್ಟೇನಾ?'

ಅಷ್ಟೇ ಎಂದೆ. ಅವಳು ಇನ್ನೂ ನಂಬದ ಮುಖದಲ್ಲೇ ಗೇಟಿನ ಕಡೆ ನಡೆದಳು. ಅವಳು ಒಳಗೆ ಹೋದಳು ಎಂದು ಗೆಳತಿ ತಿರುಗಿ ಬಂದು ಹೇಳುವವರೆಗೂ ನಾನು ಅಲ್ಲೇ ನಿಂತಿದ್ದೆ.