ಅಕ್ಕಿ ಯಾರ ಅಸ್ಮಿತೆ?

ಜಪಾನಿ ಭಾಷೆಯಲ್ಲಿ ‘ಗೊಹಾನ್’ ಎಂದರೆ ಬೇಯಿಸಿದ ಅನ್ನ; ಊಟ ಎಂದೂ ಅದೇ ಪದ. ಪ್ರತಿವರ್ಷ ನವೆಂಬರ್ 23ರಂದು ಅಲ್ಲಿನ ಚಕ್ರವರ್ತಿ ಹೊಸ ಅಕ್ಕಿಯನ್ನು ದೇವತೆಗಳಿಗೆ ಅರ್ಪಿಸಿ ತಾನೂ ಉಣ್ಣುತ್ತಾನೆ. ಅರಮನೆಯ ಆವರಣದಲ್ಲೇ ಒಂದು ಗದ್ದೆಯಿದ್ದು, ಚಕ್ರವರ್ತಿ ಸ್ವತಃ ನಾಟಿ ಮಾಡುವ ವಾಡಿಕೆಯಿದೆ. ಅಕ್ಕಿ ಅಲ್ಲಿ ಬರೀ ಆಹಾರವಲ್ಲ. ‘ನಾವು ಯಾರು’ ಎಂಬ ಪ್ರಶ್ನೆಗೆ ಅವರು ಕೊಟ್ಟುಕೊಂಡಿರುವ ಉತ್ತರ. ಹೀಗಿರುವಾಗ ಒಂದು ಪ್ರಶ್ನೆ ಏಳುತ್ತದೆ. ಒಂದು ಜನಾಂಗ ತನ್ನ ಆಹಾರವನ್ನು ಅಸ್ಮಿತೆಯ ಹೆಸರಿನಲ್ಲಿ ರಕ್ಷಿಸಿಕೊಳ್ಳುವುದು ನ್ಯಾಯವೇ? ನ್ಯಾಯವಾದರೆ, ಆ ರಕ್ಷಣೆಯ ಬೆಲೆಯನ್ನು ಯಾರು ತೆರಬೇಕು?

1980ರ ದಶಕದಲ್ಲಿ ಅಮೆರಿಕ ತನ್ನ ಅಕ್ಕಿಗೆ ಜಪಾನಿನ ಮಾರುಕಟ್ಟೆ ತೆರೆಯಬೇಕೆಂದು ಒತ್ತಾಯಿಸಿತು. ಹೊರಗಿನ ಅಕ್ಕಿಯ ಒಂದು ಕಾಳೂ ಬೇಡವೆಂದು ರೈತ ಸಂಘಟನೆಗಳು ಬೀದಿಗಿಳಿದವು; 1988ರಲ್ಲಿ ಸಂಸತ್ತು ಆಮದನ್ನು ವಿರೋಧಿಸಿ ನಿರ್ಣಯ ಅಂಗೀಕರಿಸಿತು. ಮಾರುಕಟ್ಟೆಯೇ ಸರ್ವಸ್ವವೆಂದು ನಂಬಿದವರಿಗೆ ಇದು ಹಾಸ್ಯಾಸ್ಪದವಾಗಿ ಕಂಡಿತು. ಅಗ್ಗದ ಅಕ್ಕಿ ಸಿಗುವಾಗ ಅದಕ್ಕಿಂತ ಹಲವು ಪಟ್ಟು ದುಬಾರಿಯಾದುದನ್ನು ಏಕೆ ತಿನ್ನಬೇಕು ಎಂಬುದು ಅವರ ವಾದ. ಈ ವಾದದಲ್ಲಿ ಲೆಕ್ಕವಿದೆ, ಬದುಕಿಲ್ಲ. ಗದ್ದೆಯೆಂದರೆ ಅಕ್ಕಿ ಮಾಡುವ ಕಾರ್ಖಾನೆಯಲ್ಲ. ಅದು ಮಳೆಗಾಲದ ನೀರನ್ನು ಹಿಡಿದಿಡುತ್ತದೆ, ಕಾಲುವೆಯ ನೀರನ್ನು ಹಂಚಿಕೊಳ್ಳುವ ನೆಪದಲ್ಲಿ ಊರನ್ನು ಒಟ್ಟಿಗಿಡುತ್ತದೆ. ಮೇಲಾಗಿ, ಆಹಾರಕ್ಕಾಗಿ ಪೂರ್ತಿಯಾಗಿ ಪರರನ್ನು ನಂಬಿದ ದೇಶ ಕಷ್ಟಕಾಲದಲ್ಲಿ ಪರಾಧೀನವಾಗುತ್ತದೆ. ಆದ್ದರಿಂದ ಜಪಾನೀಯರ ಭಾವನೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ತಪ್ಪು.

ಆದರೆ ಅಸ್ಮಿತೆಯೆಂಬುದು ಹೇಳಿಕೊಳ್ಳುವಷ್ಟು ಸನಾತನವಾಗಿರುವುದಿಲ್ಲ. ಹಿಂದೆ ಜಪಾನಿನಲ್ಲಿ ಸಾಮಂತರ ಸಂಪತ್ತನ್ನು ‘ಕೊಕು’ ಎಂಬ ಅಕ್ಕಿಯ ಅಳತೆಯಲ್ಲಿ ಎಣಿಸುತ್ತಿದ್ದರು. ಒಂದು ಕೊಕು ಎಂದರೆ ಸುಮಾರಾಗಿ ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗುವ ಅಕ್ಕಿ. ರೈತ ಬೆಳೆದ ಭತ್ತ ಕಂದಾಯವಾಗಿ ಹೋಗುತ್ತಿತ್ತು. ಅವನ ತಟ್ಟೆಗೆ ಹೆಚ್ಚಾಗಿ ಬೀಳುತ್ತಿದ್ದುದು ಬಾರ್ಲಿ, ನವಣೆ, ಗೆಡ್ಡೆಗೆಣಸು. ಮಾನವಶಾಸ್ತ್ರಜ್ಞೆ ಎಮಿಕೊ ಓನುಕಿ-ಟಿಯೆರ್ನಿ 1993ರಲ್ಲಿ ಅಕ್ಕಿ ಮತ್ತು ಜಪಾನಿ ಅಸ್ಮಿತೆಯ ಕುರಿತು ಬರೆದ ಪುಸ್ತಕದಲ್ಲಿ ಈ ವೈರುಧ್ಯವನ್ನು ಚರ್ಚಿಸಿದ್ದಾರೆ. ಜಪಾನೆಂದರೆ ಭತ್ತ ಬೆಳೆಯುವವರ ನಾಡು ಎಂಬ ಚಿತ್ರವು ಮೀನುಗಾರರನ್ನು, ಕಾಡಿನವರನ್ನು, ವ್ಯಾಪಾರಿಗಳನ್ನು ಮರೆಮಾಡಿತು ಎಂದು ಇತಿಹಾಸಕಾರ ಅಮಿನೊ ಯೊಶಿಹಿಕೊ ವಾದಿಸಿದರು. ಬೆಳೆದವನು ಉಣ್ಣಲಾಗದ ಧಾನ್ಯವೇ ಎಲ್ಲರ ಗುರುತಾಯಿತೆಂದರೆ, ಆ ಗುರುತನ್ನು ರೂಪಿಸಿದವರು ಉಣ್ಣುವವರೇ ಹೊರತು ಬೆಳೆಯುವವರಲ್ಲ ಎಂದಾಯಿತು.

ಈ ಗುರುತಿನ ಹೊರಗೆ ಉಳಿದವರ ಕತೆ ಇನ್ನೂ ಕಹಿಯಾದುದು. ಹೊಕ್ಕೈಡೊ ದ್ವೀಪದ ಐನು ಜನ ಸಾಲ್ಮನ್ ಮೀನು ಮತ್ತು ಬೇಟೆಯನ್ನು ನಂಬಿ ಬದುಕಿದವರು. 1899ರ ಕಾಯ್ದೆಯೊಂದು ‘ರಕ್ಷಣೆ’ಯ ಹೆಸರಿನಲ್ಲಿ ಅವರಿಗೆ ತುಂಡು ಭೂಮಿ ಕೊಟ್ಟು ಬೇಸಾಯಗಾರರಾಗಿ ಎಂದಿತು. ಆ ಕಾಯ್ದೆ ರದ್ದಾದದ್ದು 1997ರಲ್ಲಿ. ಇತ್ತ 1918ರಲ್ಲಿ ಅಕ್ಕಿಯ ಬೆಲೆ ಏರಿದಾಗ ತೊಯಾಮಾ ಪ್ರಾಂತ್ಯದ ಮೀನುಗಾರರ ಹೆಂಡಂದಿರು ಅಕ್ಕಿಯ ಸಾಗಾಟವನ್ನು ತಡೆಯಲು ಮುಂದಾದರು. ಆ ಕಿಡಿ ದೇಶದ ತುಂಬ ಹರಡಿ ಪ್ರಧಾನಿ ತೆರಾವುಚಿ ರಾಜೀನಾಮೆ ಕೊಡಬೇಕಾಯಿತು. ಆ ಹೆಂಗಸರು ಕೇಳಿದ್ದು ಅಸ್ಮಿತೆಯನ್ನಲ್ಲ, ಮಕ್ಕಳ ಹೊಟ್ಟೆಗೆ ಅನ್ನವನ್ನು. ಸರ್ಕಾರ ಕಂಡುಕೊಂಡ ದಾರಿಯೆಂದರೆ ವಸಾಹತುಗಳಾಗಿದ್ದ ಕೊರಿಯಾ ಮತ್ತು ತೈವಾನ್‌ಗಳಲ್ಲಿ ಹೆಚ್ಚು ಭತ್ತ ಬೆಳೆಸಿ ತರಿಸಿಕೊಳ್ಳುವುದು. ಕೊರಿಯಾದ ಬಡವರು ತಮ್ಮ ಅಕ್ಕಿಯನ್ನು ಕಳಿಸಿ ಮಂಚೂರಿಯಾದ ಕಿರುಧಾನ್ಯ ತಿಂದರು. ಪರದೇಶದ ಅಕ್ಕಿ ಆತ್ಮಕ್ಕೆ ಒಗ್ಗದೆಂಬ ಮಾತು ಆಗ ಅಡ್ಡಬರಲಿಲ್ಲ.

ಇನ್ನು ನೀತಿಯ ವಿಚಾರ. ಯುದ್ಧಕಾಲದ 1942ರ ಆಹಾರ ನಿಯಂತ್ರಣ ಕಾಯ್ದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಯುದ್ಧಾನಂತರದ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಇದು ದೊಡ್ಡ ನ್ಯಾಯ. ಸರ್ಕಾರ ಒಳ್ಳೆಯ ಬೆಲೆಗೆ ಅಕ್ಕಿ ಕೊಂಡಿತು, ರೈತರು ಹೆಚ್ಚು ಬೆಳೆದರು. ಆದರೆ ಜನರ ನಾಲಗೆ ಬದಲಾಗುತ್ತಿತ್ತು. 1962ರಲ್ಲಿ ತಲೆಗೆ ವರ್ಷಕ್ಕೆ 118 ಕಿಲೋ ಇದ್ದ ಅಕ್ಕಿಯ ಬಳಕೆ ಈಗ ಅದರ ಅರ್ಧಕ್ಕಿಂತ ಕಡಿಮೆ. ಗೋದಾಮುಗಳು ತುಂಬಿದವು. ಬೆಳೆಯದಿರಲು ರೈತರಿಗೆ ಹಣ ಕೊಡುವ ‘ಗೆಂತಾನ್’ ನೀತಿ 1970ರ ಹೊತ್ತಿಗೆ ಬಂದು, ಔಪಚಾರಿಕವಾಗಿ 2018ರವರೆಗೆ ನಡೆಯಿತು. ಬೇರೆ ಬೆಳೆಗೆ ಹೊರಳಲು ಕೊಡುವ ಸಹಾಯಧನ ಆಮೇಲೂ ಉಳಿಯಿತು. ಅಕ್ಕಿಯೇ ನಮ್ಮ ಆತ್ಮ ಎನ್ನುತ್ತ ಗದ್ದೆಯನ್ನು ಪಾಳುಬಿಡಲು ದುಡ್ಡು ಕೊಟ್ಟ ಸರ್ಕಾರ ಕಾಪಾಡಿದ್ದು ಏನನ್ನು? ಬೆಲೆಯನ್ನು. ಬೆಳೆಯುವ ಮನುಷ್ಯನನ್ನಂತೂ ಅಲ್ಲ. 2020ರ ಗಣತಿಯಲ್ಲಿ ಮುಖ್ಯವಾಗಿ ಕೃಷಿಯನ್ನೇ ನಂಬಿದವರು ಸುಮಾರು 13.6 ಲಕ್ಷ, ಅವರ ಸರಾಸರಿ ವಯಸ್ಸು 67.8.

1993ರಲ್ಲಿ ಬೇಸಿಗೆಯೇ ತಣ್ಣಗಾಗಿ ಬೆಳೆ ಸಾಧಾರಣ ವರ್ಷದ ಮುಕ್ಕಾಲು ಭಾಗಕ್ಕಿಳಿಯಿತು. ಸುಮಾರು 25 ಲಕ್ಷ ಟನ್ ಅಕ್ಕಿ ಹೊರಗಿನಿಂದ ಬಂತು. ಥಾಯ್ಲೆಂಡಿನ ಉದ್ದಕಾಳಿನ ಅಕ್ಕಿಯನ್ನು ಜನ ಒಲ್ಲೆನೆಂದರು, ಕೆಲವರು ಎಸೆದರು. ಜಪಾನಿನ ಈ ಖರೀದಿಯಿಂದ ಜಾಗತಿಕ ಬೆಲೆ ಏರಿ ಬಡದೇಶಗಳಿಗೆ ಬಿಸಿ ತಟ್ಟಿತ್ತು ಎಂಬುದನ್ನು ನೆನೆದರೆ ಇದು ಬರೀ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅದೇ ವರ್ಷ ಉರುಗ್ವೆ ಸುತ್ತಿನ ಒಪ್ಪಂದದಲ್ಲಿ ಜಪಾನ್ ನಿಗದಿತ ಪ್ರಮಾಣದ ಆಮದಿಗೆ ಒಪ್ಪಿತು. 2000ರಿಂದ ಅದಕ್ಕೂ ಮೀರಿ ತರಿಸುವ ಅಕ್ಕಿಗೆ ಕಿಲೋಗೆ 341 ಯೆನ್ ಸುಂಕ. ಒಪ್ಪಂದದ ಪ್ರಕಾರ ಬಂದ ಅಕ್ಕಿಯ ಬಹುಪಾಲು ಊಟಕ್ಕೆ ಬಳಕೆಯಾಗದೆ ಸಂಸ್ಕರಣೆಗೆ, ಪಶು ಆಹಾರಕ್ಕೆ, ನೆರವಿಗೆ ಹೋಗುತ್ತದೆ. 2008ರಲ್ಲಿ ಅಕ್ಕಿಯ ಬೆಲೆ ಗಗನಕ್ಕೇರಿ ಫಿಲಿಪ್ಪೀನ್ಸ್ ಕಂಗೆಟ್ಟಾಗ, ಜಪಾನ್ ತನ್ನ ಗೋದಾಮಿನ ಆಮದು ಅಕ್ಕಿಯನ್ನು ಬಿಡಬಹುದೆಂಬ ಸುದ್ದಿ ಹೊರಬಿದ್ದಂತೆ ಬೆಲೆ ಇಳಿಯತೊಡಗಿತು. ಒಬ್ಬರು ಒಲ್ಲದೆ ಕೂಡಿಟ್ಟದ್ದು ಇನ್ನೊಬ್ಬರ ಹಸಿವಿನ ಬೆಲೆಯನ್ನು ನಿರ್ಧರಿಸುವಷ್ಟು ಈ ಲೋಕ ಹೆಣೆದುಕೊಂಡಿದೆ.

2024ರ ಬೇಸಿಗೆಯಲ್ಲಿ ಅಂಗಡಿಗಳ ಅಕ್ಕಿಯ ಕಪಾಟುಗಳು ಬರಿದಾದವು. 2025ರ ವಸಂತದಲ್ಲಿ 5 ಕಿಲೋ ಚೀಲದ ಸರಾಸರಿ ಬೆಲೆ 4,000 ಯೆನ್ ದಾಟಿತು. ಹಿಂದಿನ ವರ್ಷ ಅದು ಅದರ ಅರ್ಧದಷ್ಟಿತ್ತು. ಬೆಂಬಲಿಗರು ಕೊಡುವುದರಿಂದ ತಾನು ಅಕ್ಕಿ ಕೊಂಡೇ ಇಲ್ಲ ಎಂದ ಕೃಷಿ ಸಚಿವ ತಾಕು ಎತೊ ಮೇ ತಿಂಗಳಲ್ಲಿ ಹುದ್ದೆ ಬಿಡಬೇಕಾಯಿತು. ಸುಂಕ ತೆತ್ತೇ ತರಿಸಿದ ಕ್ಯಾಲಿಫೋರ್ನಿಯಾದ ಅಕ್ಕಿಯನ್ನು ಜನ ಕೊಂಡುಂಡರು. ಆಗಸ್ಟಿನಲ್ಲಿ ಪ್ರಧಾನಿ ಇಶಿಬಾ ಉತ್ಪಾದನೆ ಹೆಚ್ಚಿಸುವ ನೀತಿಗೆ ಹೊರಳುವುದಾಗಿ ಹೇಳಿದರು. ಅಕ್ಟೋಬರಿನಲ್ಲಿ ಬಂದ ಹೊಸ ಸರ್ಕಾರ ಮತ್ತೆ ‘ಬೇಡಿಕೆಗೆ ತಕ್ಕ ಉತ್ಪಾದನೆ’ಯ ಮಾತಾಡಿತು. ದೂರದ ಅಕ್ಕಿ ಉಂಡದ್ದಕ್ಕೆ ಯಾರೂ ಜಪಾನೀಯತನ ಕಳೆದುಕೊಳ್ಳಲಿಲ್ಲ. ಕಳೆದುಕೊಳ್ಳುವ ಭಯವಿದ್ದದ್ದು ಕೈಗೆಟುಕುವ ಅನ್ನವನ್ನು.

ಹಾಗಾದರೆ ಆಹಾರದ ಅಸ್ಮಿತೆಯನ್ನು ಬಿಟ್ಟುಬಿಡಬೇಕೇ? ಬೇಕಿಲ್ಲ. ಮನುಷ್ಯರು ಕ್ಯಾಲೊರಿಯನ್ನಷ್ಟೇ ಉಣ್ಣುವುದಿಲ್ಲ, ನೆನಪನ್ನೂ ಉಣ್ಣುತ್ತಾರೆ. ಆದರೆ ಸಂಸ್ಕೃತಿಯ ಹೆಸರಿನಲ್ಲಿ ನೀತಿಯೊಂದು ಬಂದಾಗ ಅದನ್ನು ಒರೆಹಚ್ಚುವ ಕ್ರಮವೊಂದು ನಮಗೆ ಬೇಕು. ಆ ಬೆಳೆಯನ್ನು ಬೆಳೆಯುವವನ ಮಗ ನಾಳೆ ಗದ್ದೆಯಲ್ಲಿ ನಿಲ್ಲಲು ಅದು ನೆರವಾಗುತ್ತದೆಯೇ? ಸಂಬಳ ಸಾಲದ ಮನೆಯ ತಟ್ಟೆಗೆ ಅದು ಅನ್ನ ತರುತ್ತದೆಯೇ? ಬೇರೇನನ್ನೋ ಉಣ್ಣುವ ನೆರೆಯವನನ್ನು ಅದು ಹೊರಗಿಡುತ್ತದೆಯೇ? ಉಣಿಸುವ ಅಸ್ಮಿತೆಯನ್ನು ಕಾಪಾಡಿಕೊಳ್ಳುವುದು ನ್ಯಾಯ. ಬೆಲೆಯನ್ನೂ ಬೇಲಿಯನ್ನೂ ಮಾತ್ರ ಕಾಯುವ ಅಸ್ಮಿತೆ, ಅದನ್ನು ಎಷ್ಟೇ ಪವಿತ್ರವೆಂದು ಕರೆದರೂ, ಕೊನೆಗೆ ಗೋದಾಮಿನ ಬಾಗಿಲಿಗೆ ಹಾಕಿದ ಬೀಗವಷ್ಟೆ.